ಸಿಎ ಪರೀಕ್ಷೆ: ಜೊತೆಗೆ ಓದುವ ಗೆಳೆಯ ನಿಮ್ಮ ಸ್ಪರ್ಧಿಯೇ?

ಸಿಎ ಫಲಿತಾಂಶ ಬಂದ ವಾರ ಫೋನಿಗೆ ಎಂಥೆಂಥ ಫಾರ್ವರ್ಡ್‌ಗಳು ಬರುತ್ತವೆ ಗಮನಿಸಿದ್ದೀರಾ? ದಿನಕ್ಕೆ 16 ಗಂಟೆ ಓದಲು ಆಗದವರು ಸಿಎ ಆಸೆ ಬಿಡಿ ಎಂದು ಒಂದು ಹೇಳುತ್ತದೆ. ಪ್ರತಿ ಸಲ ಇಷ್ಟೇ ಜನರನ್ನು ಪಾಸು ಮಾಡುವುದೆಂದು ಮೊದಲೇ ತೀರ್ಮಾನವಾಗಿರುತ್ತದೆ, ಹಾಗಾಗಿ ನಿಮ್ಮ ನೋಟ್ಸ್ ಯಾರಿಗೂ ಕೊಡಬೇಡಿ ಎಂದು ಇನ್ನೊಂದು ಎಚ್ಚರಿಸುತ್ತದೆ. ಗೆದ್ದವರೆಲ್ಲ ಒಂಟಿಯಾಗಿ ಓದಿದವರೇ, ಗುಂಪು ಕಟ್ಟಿಕೊಂಡವರು ಹರಟೆಯಲ್ಲೇ ಕೆಟ್ಟರು ಎನ್ನುವುದು ಮೂರನೆಯದು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಿ.ಕಾಂ. ಹುಡುಗ ಹುಡುಗಿಯರಿಗೆ ಇಂಥ ಮಾತು ಸುಮ್ಮನೆ ಓದಿ ಮರೆಯುವಂಥದ್ದಲ್ಲ. ಬೆಂಗಳೂರಿನಲ್ಲಿ ಕೋಚಿಂಗ್ ಎಂದರೆ ಶುಲ್ಕದ ಜೊತೆಗೆ ಪಿಜಿ ಬಾಡಿಗೆ, ಊಟ, ಓಡಾಟ. ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ ಅದನ್ನು ಹೊಂದಿಸುವುದು ಸುಲಭವಲ್ಲ. ಊರಲ್ಲೇ ಇದ್ದು ಆನ್‌ಲೈನ್ ತರಗತಿ ನೋಡಿಕೊಂಡು ಓದುವವರಿಗೆ ಸಿಗುವ ದೊಡ್ಡ ಆಸರೆ ಎಂದರೆ ಅದೇ ಪರೀಕ್ಷೆಗೆ ಕೂತಿರುವ ಅಕ್ಕಪಕ್ಕದ ಊರಿನ ಇಬ್ಬರು. ಅವರನ್ನೂ ದೂರವಿಡಿ ಎಂದು ಫಾರ್ವರ್ಡ್ ಹೇಳುತ್ತಿದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಇಷ್ಟೇ ಜನ ಪಾಸು ಎಂಬ ಕೋಟಾ ಇದೆಯೇ?

ಇಲ್ಲ. ಈ ಗೊಂದಲಕ್ಕೆ ಕಾರಣವೂ ಅರ್ಥವಾಗುವಂಥದ್ದೇ. ನೀಟ್, ಸಿಇಟಿ, ಕೆಎಎಸ್ ಎಲ್ಲವೂ ಸೀಟು ಅಥವಾ ಹುದ್ದೆಯ ಪರೀಕ್ಷೆಗಳು. ಅಲ್ಲಿ ಒಬ್ಬರು ಮುಂದೆ ಹೋದರೆ ಮತ್ತೊಬ್ಬರು ಹಿಂದೆ ಬೀಳುತ್ತಾರೆ. ನಾವು ನೋಡಿ ಬೆಳೆದದ್ದೆಲ್ಲ ಇಂಥವೇ ಆದ್ದರಿಂದ ಸಿಎ ಕೂಡ ಹಾಗೇ ಎಂದುಕೊಳ್ಳುತ್ತೇವೆ.

ಸಿಎ ಪರವಾನಗಿಯ ಪರೀಕ್ಷೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಅದೇ ವರ್ಷ ಜುಲೈ 1ರಂದು ಹುಟ್ಟಿದ ಐಸಿಎಐ ಸಂಸ್ಥೆ ಇದನ್ನು ನಡೆಸುತ್ತದೆ. ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂದು ಮೂರು ಹಂತ. ಪಾಸಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇ. 40, ಒಟ್ಟಾರೆ ಶೇ. 50 ಬೇಕು. ಈ ಗೆರೆ ಮೊದಲೇ ಎಳೆದದ್ದು, ದಾಟಿದವರೆಲ್ಲ ಪಾಸು. ನಿಮ್ಮ ಗೆಳತಿಗೆ ಶೇ. 70 ಬಂದರೆ ನಿಮ್ಮ ಶೇ. 51 ಕಡಿಮೆಯಾಗುವುದಿಲ್ಲ. ಅಖಿಲ ಭಾರತ ರ್‍ಯಾಂಕ್ ಪಟ್ಟಿ ಒಂದಿದೆ ನಿಜ, ಆದರೆ ಪಾಸಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಂಕಿ ಅಂಶವನ್ನೇ ನೋಡಿ. ಡಿಸೆಂಬರ್ 2023ರ ಫೌಂಡೇಶನ್ ಪರೀಕ್ಷೆ ಬರೆದ ಸುಮಾರು 1.37 ಲಕ್ಷ ಜನರಲ್ಲಿ 41 ಸಾವಿರಕ್ಕೂ ಹೆಚ್ಚು ಮಂದಿ, ಅಂದರೆ ಶೇ. 29.99, ಪಾಸಾದರು. ಆರು ತಿಂಗಳ ನಂತರ ಜೂನ್ 2024ರಲ್ಲಿ ಬರೆದವರು ಸುಮಾರು 92 ಸಾವಿರ, ಪಾಸಾದವರು 14 ಸಾವಿರಕ್ಕೂ ಕಡಿಮೆ, ಶೇ. 14.96. ಕೋಟಾ ಇದ್ದಿದ್ದರೆ ಪಾಸಾದವರ ಸಂಖ್ಯೆಯಾದರೂ, ಶೇಕಡಾವಾರಾದರೂ ಹತ್ತಿರ ಹತ್ತಿರ ನಿಲ್ಲಬೇಕಿತ್ತು. ಎರಡೂ ನಿಂತಿಲ್ಲ. ಪರೀಕ್ಷೆ ಬಹಳ ಕಠಿಣ ಎಂಬ ಮಾತಿಗೆ ಮಾತ್ರ ಈ ಸಂಖ್ಯೆಗಳೇ ಸಾಕ್ಷಿ.

ಹಾಗಾದರೆ ಒಟ್ಟಿಗೆ ಓದಿದರೆ ಲಾಭವೇ?

ಹೇಗೆ ಓದುತ್ತೀರಿ ಎಂಬುದರ ಮೇಲೆ ನಿಂತಿದೆ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞರಿಗೆ ಒಂದು ಒಗಟು ಎದುರಾಯಿತು. ಕ್ಯಾಲ್ಕ್ಯುಲಸ್ ತರಗತಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚು ಫೇಲಾಗುತ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಶ್ರದ್ಧೆ ಸಾಲದು, ಮನೆಯ ಬೆಂಬಲ ಸಾಲದು ಎಂದು ಅಧ್ಯಾಪಕರು ಊಹಿಸಿದ್ದರು. ಟ್ರೈಸ್ಮನ್ ಎರಡೂ ಕಡೆಯ ವಿದ್ಯಾರ್ಥಿಗಳ ಹಿಂದೆ ತಿಂಗಳುಗಟ್ಟಲೆ ಓಡಾಡಿ, ಅವರು ಓದುವುದನ್ನೇ ಕಣ್ಣಾರೆ ನೋಡಿದರು. ಶ್ರದ್ಧೆ ಇಬ್ಬರಲ್ಲೂ ಇತ್ತು. ಆದರೆ ಕಪ್ಪು ವಿದ್ಯಾರ್ಥಿಗಳಲ್ಲಿ ಬಹುತೇಕರು ಒಂಟಿಯಾಗಿ ಓದುತ್ತಿದ್ದರು. ಚೀನೀ ಮೂಲದವರು ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ಸಂಜೆ ಒಟ್ಟಿಗೆ ಕೂತು ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ತಮ್ಮ ತಪ್ಪು ತಮ್ಮದೊಬ್ಬರದೇ ತಪ್ಪೋ, ಎಲ್ಲರೂ ಅಲ್ಲೇ ಎಡವಿದ್ದಾರೋ ಎಂಬುದು ಅವರಿಗೆ ಪರೀಕ್ಷೆಗೆ ಮೊದಲೇ ಗೊತ್ತಾಗುತ್ತಿತ್ತು. ಒಂಟಿಯಾಗಿ ಓದಿದವರಿಗೆ ಫಲಿತಾಂಶ ಬಂದ ಮೇಲೆ ಗೊತ್ತಾಗುತ್ತಿತ್ತು. ಕಷ್ಟದ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರಗಳನ್ನು ಟ್ರೈಸ್ಮನ್ ಶುರು ಮಾಡಿದ ಮೇಲೆ ಅವುಗಳಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳ ಫಲಿತಾಂಶ ಚೆನ್ನಾಗಿ ಸುಧಾರಿಸಿತು.

ಮೊದಲು ಒಬ್ಬೊಬ್ಬರೇ, ಆಮೇಲೆ ಒಟ್ಟಿಗೆ. ಈ ಕ್ರಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದರ ಹಿಂದೆ ನೆನಪಿನ ಒಂದು ಗುಣವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ಅದನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ತಿರುಗುಮುರುಗು: ಎರಡು ಸಲ ಓದಿದವರ ನೆನಪಿನಲ್ಲಿ ಉಳಿದದ್ದು ಸುಮಾರು ಶೇ. 42, ಮುಚ್ಚಿ ಬರೆದವರಲ್ಲಿ ಸುಮಾರು ಶೇ. 56. ಮತ್ತೆ ಮತ್ತೆ ಓದುವುದು, ಬಣ್ಣದ ಪೆನ್ನಿನಲ್ಲಿ ಗೆರೆ ಹಾಕುವುದು ಕಲಿತ ಭಾವನೆಯನ್ನಷ್ಟೇ ಕೊಡುತ್ತವೆ. ನೆನಪಿನಿಂದ ಹೊರಗೆ ತೆಗೆದಾಗಲೇ ವಿಷಯ ಗಟ್ಟಿಯಾಗುವುದು. ಎದುರಿಗೆ ಕೂತು ಪ್ರಶ್ನೆ ಕೇಳುವ ಗೆಳೆಯ ಈ ಕೆಲಸವನ್ನು ನಮ್ಮಿಂದ ಬಲವಂತವಾಗಿ ಮಾಡಿಸುತ್ತಾನೆ. ಒಬ್ಬರೇ ಇದ್ದರೆ ಪುಸ್ತಕ ತೆರೆದು ಇಣುಕಿ ನೋಡುವ ಚಪಲ ಬಿಡುವುದಿಲ್ಲ.

ಬೆಲ್ಲದ ಲೆಕ್ಕ

ಇನ್ನೊಂದು ಲಾಭ, ನಮಗೆ ಗೊತ್ತಿಲ್ಲ ಎಂಬುದೇ ಗೊತ್ತಾಗುವುದು. 2002ರಲ್ಲಿ ರೋಜೆನ್‌ಬ್ಲಿಟ್ ಮತ್ತು ಕೀಲ್ ಎಂಬ ಸಂಶೋಧಕರು ಜನರನ್ನು ಜಿಪ್, ಬೀಗದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಗೊತ್ತೇ ಎಂದು ಕೇಳಿದರು. ಚೆನ್ನಾಗಿ ಗೊತ್ತು ಎಂದವರೇ, ಹಂತ ಹಂತವಾಗಿ ವಿವರಿಸಿ ಎಂದ ಮೇಲೆ ತಮಗೆ ಗೊತ್ತಿರುವುದು ಕಡಿಮೆ ಎಂದು ಒಪ್ಪಿಕೊಂಡರು. ಸಿಎ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಕಡೆಯದ್ದೇ ಉದಾಹರಣೆ ತೆಗೆದುಕೊಳ್ಳೋಣ.

ಮಂಡ್ಯದವನೊಬ್ಬ, ಮದ್ದೂರಿನವನೊಬ್ಬ, ಮಳವಳ್ಳಿಯವಳೊಬ್ಬಳು ಇಂಟರ್‌ಮೀಡಿಯೆಟ್‌ನ ತೆರಿಗೆ ಪತ್ರಿಕೆ ಓದುತ್ತಿದ್ದಾರೆ ಎಂದುಕೊಳ್ಳಿ. ಪ್ರಶ್ನೆ ಸರಳ: ರೈತ ತನ್ನ ಹೊಲದ ಕಬ್ಬನ್ನು ತನ್ನದೇ ಆಲೆಮನೆಯಲ್ಲಿ ಅರೆದು ಬೆಲ್ಲ ಮಾಡಿ ಮಾರಿದರೆ, ಆ ಲಾಭಕ್ಕೆ ಆದಾಯ ತೆರಿಗೆ ಇದೆಯೇ?

ಮಂಡ್ಯದವನಿಗೆ ಅನುಮಾನವೇ ಇಲ್ಲ. "ಕೃಷಿ ಆದಾಯ ಕಣೋ, ಪೂರ್ತಿ ಫ್ರೀ." ಫಾರ್ವರ್ಡ್‌ಗಳೂ ಹಾಗೇ ಹೇಳುತ್ತವೆ.

ಮದ್ದೂರಿನವನು ಕೇಳುತ್ತಾನೆ, "ಅದೆಂಗ್ಲಾ ಪೂರ್ತಿ ಫ್ರೀ ಆಯ್ತದೆ? ಬೆಲ್ಲ ಹೊಲದಲ್ಲಿ ಬೆಳೀತದಾ?"

ಈಗ ಪುಸ್ತಕ ತೆಗೆಯಲೇಬೇಕು. ಬೆಳೆಗಾರ ತನ್ನ ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ಯೋಗ್ಯವಾಗಿಸಲು ಸಾಮಾನ್ಯವಾಗಿ ಮಾಡುವ ಸಂಸ್ಕರಣೆಯ ಆದಾಯವೂ ಕೃಷಿ ಆದಾಯವೇ ಎನ್ನುತ್ತದೆ ಕಾನೂನು. ಕೀಲಿ ಇರುವುದು "ಮಾರುಕಟ್ಟೆಗೆ ಯೋಗ್ಯವಾಗಿಸಲು" ಎಂಬ ಮಾತಿನಲ್ಲಿ. ಕಬ್ಬು ಕಬ್ಬಾಗಿಯೇ ಮಾರಾಟವಾಗುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಕೆ.ಎಂ.ದೊಡ್ಡಿ ಹತ್ತಿರ ಕಾರ್ಖಾನೆ ಕಡೆ ಸಾಲು ನಿಲ್ಲುವ ಕಬ್ಬಿನ ಲಾರಿಗಳೇ ಅದಕ್ಕೆ ಸಾಕ್ಷಿ. ಹಾಗೆ ಮಾರುಕಟ್ಟೆ ಇರುವಾಗ ಬೆಲ್ಲ ಮಾಡುವುದನ್ನು ಮಾರಲು ಯೋಗ್ಯವಾಗಿಸುವ ಕೆಲಸ ಎನ್ನಲು ಬರುವುದಿಲ್ಲ. ಕಬ್ಬಿನ ಮಾರುಕಟ್ಟೆ ಬೆಲೆಗೆ ಸಂಬಂಧಿಸಿದ ಭಾಗ ಕೃಷಿ ಆದಾಯ, ಬೆಲ್ಲ ಮಾಡಿದ್ದರಿಂದ ಬಂದ ಹೆಚ್ಚಿನ ಲಾಭ ವ್ಯಾಪಾರದ ಆದಾಯ ಎಂದು ಒಡೆಯಬೇಕಾಗುತ್ತದೆ.

ಇಷ್ಟರಲ್ಲಿ ಮಳವಳ್ಳಿಯವಳದು ಹೊಸ ತಕರಾರು. "ಮೈಷುಗರ್ ಕೆಲವು ವರ್ಷ ನಿಂತೇ ಹೋಗಿತ್ತಲ್ಲ, 2022ರಲ್ಲಿ ತಾನೇ ಮತ್ತೆ ಶುರುವಾಗಿದ್ದು? ಕಬ್ಬು ಕೊಳ್ಳೋರೇ ಇಲ್ಲದಿದ್ದರೆ ಆಗ ಬೆಲ್ಲ ಮಾಡೋದೊಂದೇ ದಾರಿ ಅಲ್ವೇನೋ?" ಬೇರೆ ಕಾರ್ಖಾನೆಗಳು ಇದ್ದವಲ್ಲ ಎಂದು ಒಬ್ಬ, ಅಲ್ಲಿಗೆ ಸಾಗಿಸುವ ಖರ್ಚು ಯಾರು ಕೊಡುತ್ತಾರೆ ಎಂದು ಇನ್ನೊಬ್ಬ. ಪರೀಕ್ಷೆಯಲ್ಲಾದರೆ ಪ್ರಶ್ನೆಯಲ್ಲಿ ಕೊಟ್ಟ ಸಂಗತಿಯ ಮೇಲೆ ಉತ್ತರ ಬರೆಯಬೇಕು: ಕಬ್ಬಿಗೆ ಮಾರುಕಟ್ಟೆ ಇದೆ ಎಂದಿದೆಯೇ, ಇಲ್ಲವೇ? ಅರ್ಧ ಗಂಟೆ ಹೀಗೆ ಕಿತ್ತಾಡಿದ ಮೇಲೆ ಕೃಷಿ ಆದಾಯದ ವ್ಯಾಖ್ಯಾನವನ್ನು ಮೂವರೂ ಸುಲಭಕ್ಕೆ ಮರೆಯುವುದಿಲ್ಲ. ಒಂಟಿಯಾಗಿ ಓದುತ್ತಿದ್ದ ಮಂಡ್ಯದವನು ಆ ಸಾಲಿನ ಕೆಳಗೆ ಹಳದಿ ಗೆರೆ ಹಾಕಿ ಮುಂದಿನ ಪುಟಕ್ಕೆ ಹೋಗಿರುತ್ತಿದ್ದ.

ಬೆಲ್ಲದ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ ಜಾರಿಗೆ ಬರುವುದು 2026ರ ಏಪ್ರಿಲ್ 1ರಿಂದ. ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಗ್ರೂಪಿನಲ್ಲಿ ಯಾರೋ ಹಾಕಿದ ಹಳೆಯ ನೋಟ್ಸ್ ಪಿಡಿಎಫ್ ಓದುವ ಮೊದಲು, ನಿಮ್ಮ ಪ್ರಯತ್ನಕ್ಕೆ ಯಾವ ಕಾನೂನು ಅನ್ವಯ ಎಂದು ಐಸಿಎಐ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಗುಂಪು ಕೆಡುವುದು ಎಲ್ಲಿ?

ಮೂರನೇ ಫಾರ್ವರ್ಡ್‌ನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಲೇಬೇಕು. ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳತೆ ಮಾಡಿ, 1913ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟು ಜನ ಸೇರಿದಾಗ ಒಬ್ಬೊಬ್ಬರ ಎಳೆತ, ಒಂಟಿಯಾಗಿ ಎಳೆದದ್ದರ ಅರ್ಧಕ್ಕೆ ಇಳಿದಿತ್ತು. ಲಯ ತಪ್ಪುವುದು ಒಂದು ಕಾರಣವಾದರೆ, ಬೇರೆಯವರು ಎಳೆಯುತ್ತಾರೆ ಬಿಡು ಎಂಬ ಸಡಿಲ ಇನ್ನೊಂದು. ಇಪ್ಪತ್ತು ಜನರ ಓದಿನ ಗುಂಪಿನಲ್ಲಿ ಮೂವರು ಲೆಕ್ಕ ಬಿಡಿಸಿ ಉಳಿದವರು ಫೋಟೋ ತೆಗೆದುಕೊಳ್ಳುವುದು ಇದೇ.

ಇನ್ನೊಂದು ಸಮಸ್ಯೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಓದಿದ್ದನ್ನು ನಾಲ್ಕೈದು ಜನ ಒಟ್ಟಿಗೆ ನೆನಪಿಸಿಕೊಂಡರೆ, ಅದೇ ಜನ ಬೇರೆ ಬೇರೆ ಕೂತು ಬರೆದು ಆಮೇಲೆ ಸೇರಿಸಿದ ಪಟ್ಟಿಗಿಂತ ಕಡಿಮೆ ಅಂಶಗಳು ಸಿಗುತ್ತವೆ ಎಂದು 1990ರ ದಶಕದಿಂದ ಹಲವು ಪ್ರಯೋಗಗಳು ತೋರಿಸಿವೆ. ನೀವು ಒಂದು ಕ್ರಮದಲ್ಲಿ ನೆನಪಿಸಿಕೊಳ್ಳುತ್ತಿರುವಾಗ ಪಕ್ಕದವನು ಬೇರೆ ಕ್ರಮದಲ್ಲಿ ಹೇಳಿದರೆ ನಿಮ್ಮ ಎಳೆ ಕಡಿದುಹೋಗುತ್ತದೆ. ಲೆಕ್ಕ ಪರಿಶೋಧನೆಯ ಮಾನದಂಡಗಳನ್ನು ಜೋರಾಗಿ ಒಟ್ಟಿಗೆ ಹೇಳಿಕೊಳ್ಳುವ ಗುಂಪುಗಳಿಗೆ ಇದೇ ಆಗುತ್ತದೆ. ಬರ್ಕ್ಲಿಯ ವಿದ್ಯಾರ್ಥಿಗಳ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮೊದಲು ಒಬ್ಬೊಬ್ಬರೇ ಬರೆಯಿರಿ, ಆಮೇಲೆ ಹೋಲಿಸಿ.

ಇನ್ನು ವಾಟ್ಸಾಪ್, ಟೆಲಿಗ್ರಾಂ ಗುಂಪುಗಳು. ನೂರಾರು ಪಿಡಿಎಫ್ ಇಳಿಸಿಕೊಂಡರೆ ಫೋನು ತುಂಬುತ್ತದೆ, ತಲೆ ತುಂಬುವುದಿಲ್ಲ. ಪಾಠದ ಪುಸ್ತಕ, ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್, ಹಳೆಯ ಪರೀಕ್ಷೆಗಳ ಮಾದರಿ ಉತ್ತರ, ಎಲ್ಲವನ್ನೂ ಐಸಿಎಐ ತನ್ನ ಜಾಲತಾಣದಲ್ಲಿ ಉಚಿತವಾಗಿ ಹಾಕುತ್ತದೆ. ಲೀಕಾದ ಪ್ರಶ್ನೆಪತ್ರಿಕೆ ಎಂದು ದುಡ್ಡು ಕೇಳುವ ಮೆಸೇಜ್ ಬಂದರೆ ಕಳಿಸಿದವರನ್ನು ಬ್ಲಾಕ್ ಮಾಡಿ, ಮುಂದಕ್ಕೆ ಕಳಿಸಬೇಡಿ.

ಮೂರು ಊರು, ಮೂವರು, ಒಂದು ಭಾನುವಾರ

ಮೂರು, ಹೆಚ್ಚೆಂದರೆ ನಾಲ್ಕು ಜನ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅಷ್ಟು ಜನರಲ್ಲಿ ಯಾರು ಓದದೆ ಬಂದರು ಎಂಬುದು ಮುಚ್ಚಿಡಲು ಆಗುವುದಿಲ್ಲ. ನಮ್ಮ ಉದಾಹರಣೆಯ ಮೂವರಿಗೆ ಮದ್ದೂರು ಅನುಕೂಲ. ಮಂಡ್ಯದಿಂದ ರೈಲೂ ಇದೆ, ಬಸ್ಸೂ ಇದೆ. ಮಳವಳ್ಳಿಗೆ ರೈಲಿಲ್ಲ, ಅವಳು ಬಸ್ಸಿನಲ್ಲೇ ಬರಬೇಕು. ಹಾಗಾಗಿ ಸೇರುವ ಹೊತ್ತು ಅವಳ ಬಸ್ಸಿಗೆ ಹೊಂದಬೇಕು, ಉಳಿದಿಬ್ಬರ ನಿದ್ದೆಗಲ್ಲ. ಸಂಜೆ ಕತ್ತಲಾಗುವ ಮೊದಲು ಅವಳು ಮನೆ ಸೇರುವಂತಿದ್ದರೆ ಮನೆಯವರೂ ಬೇಡ ಎನ್ನುವುದಿಲ್ಲ.

ವಾರವಿಡೀ ಓದು ಅವರವರ ಮನೆಯಲ್ಲಿ. ಭಾನುವಾರ ಹೊಸ ಪಾಠ ಓದಬಾರದು. ಬಂದ ತಕ್ಷಣ, ಮಾತಿಗೆ ಮೊದಲು, ಗಡಿಯಾರ ಇಟ್ಟುಕೊಂಡು ಒಂದೂವರೆ ಗಂಟೆ ಮೂವರೂ ಒಂದೇ ಮಾಕ್ ಪತ್ರಿಕೆಯ ಅರ್ಧ ಭಾಗ ಬರೆಯುವುದು. ಆಮೇಲೆ ಉತ್ತರ ಪುಸ್ತಕ ಅದಲುಬದಲು. ಐಸಿಎಐ ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು ಗೆಳೆಯನ ಪುಸ್ತಕಕ್ಕೆ ಅಂಕ ಹಾಕಬೇಕು, ಮುಲಾಜಿಲ್ಲದೆ. ತಮ್ಮ ಉತ್ತರದಲ್ಲಿ ಕಾಣದ ತಪ್ಪು ಬೇರೆಯವರ ಉತ್ತರದಲ್ಲಿ ಚೆನ್ನಾಗಿ ಕಾಣುತ್ತದೆ: ವರ್ಕಿಂಗ್ ನೋಟ್ ಬರೆದಿಲ್ಲ, ಕಾನೂನಿನ ಉತ್ತರದಲ್ಲಿ ನಿಯಮ ಹೇಳಿ ತೀರ್ಮಾನ ಬಿಟ್ಟಿದ್ದಾನೆ, ಲೆಕ್ಕ ಸರಿ ಆದರೆ ಊಹೆ ಏನೆಂದು ಬರೆದಿಲ್ಲ. ಈಗ ಇಂಟರ್‌ಮೀಡಿಯೆಟ್ ಮತ್ತು ಫೈನಲ್ ಪತ್ರಿಕೆಗಳಲ್ಲಿ 30 ಅಂಕ ಬಹು ಆಯ್ಕೆಯ ಪ್ರಶ್ನೆಗಳಿಗೆ, ಉಳಿದ 70 ಹೀಗೆ ಬಿಡಿಸಿ ಬರೆಯುವುದಕ್ಕೆ.

ಮದ್ದೂರು ವಡೆ ಇದಾದ ಮೇಲೆ. ಮೊದಲೇ ತಿನ್ನಲು ಕೂತರೆ ಆ ಭಾನುವಾರ ಅಲ್ಲಿಗೆ ಮುಗಿಯಿತು.

ಊಟದ ನಂತರ ಒಬ್ಬೊಬ್ಬರು ಒಂದು ವಿಷಯ ವಿವರಿಸಬೇಕು, ಪುಸ್ತಕ ಮುಚ್ಚಿ. ಯಾವ ವಿಷಯ ಎಂದು ಹಿಂದಿನ ವಾರವೇ ಹೇಳಿರಬೇಕು. ಬಲ್ಲವರಿಗಿಂತ ತಡವರಿಸುವವರಿಗೇ ಆ ವಿಷಯ ಕೊಡುವುದು ಮೇಲು, ಏಕೆಂದರೆ ವಿವರಿಸುವವರು ಕೇಳುವವರಿಗಿಂತ ಹೆಚ್ಚು ಕಲಿಯುತ್ತಾರೆ. ತಿಂಗಳ ಹಿಂದಿನ ಪಾಠದಿಂದ ನಾಲ್ಕು ಪ್ರಶ್ನೆಗಳನ್ನೂ ನಡುವೆ ತೂರಿಸಿ. ಓದಿನ ವಿಧಾನಗಳ ಮೇಲಿನ ಸಂಶೋಧನೆಗಳನ್ನೆಲ್ಲ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ತೂಗಿ ನೋಡಿದಾಗ, ಹತ್ತು ವಿಧಾನಗಳಲ್ಲಿ ಎರಡಕ್ಕೆ ಮಾತ್ರ ಮೇಲಿನ ದರ್ಜೆ ಸಿಕ್ಕಿತು: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಮತ್ತು ಒಂದೇ ವಿಷಯಕ್ಕೆ ದಿನಗಳ ಅಂತರ ಬಿಟ್ಟು ಮರಳುವುದು.

ಕನ್ನಡದಲ್ಲಿ ಚರ್ಚೆ, ಇಂಗ್ಲಿಷಿನಲ್ಲಿ ಬರವಣಿಗೆ

ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಅವಕಾಶವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ನಿಜವಾದ ಅಡ್ಡಿ. ಹಾಗೆಂದು ಗುಂಪಿನಲ್ಲಿ ಇಂಗ್ಲಿಷ್ ಮಾತ್ರ ಆಡಬೇಕು ಎಂಬ ಕಟ್ಟಳೆ ಮಾಡಿಕೊಂಡರೆ ಮೂವರೂ ಬಾಯಿ ಮುಚ್ಚಿ ಕೂರುತ್ತಾರೆ. ವಿಷಯ ಅರ್ಥವಾಗುವ ತನಕ ಕನ್ನಡದಲ್ಲೇ ಜಗಳ ಆಡಿ. ಬೆಲ್ಲದ ಪ್ರಶ್ನೆ ಅರ್ಥವಾದದ್ದು ಆಲೆಮನೆ ಎಂಬ ಮಾತಿನಿಂದಲೇ ಅಲ್ಲವೇ? ಆದರೆ ಅರ್ಥವಾಯಿತು ಎಂದ ತಕ್ಷಣ ಏಳಬೇಡಿ. ಅದೇ ಉತ್ತರವನ್ನು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದು ಒಬ್ಬರಿಗೊಬ್ಬರು ತೋರಿಸಿ. ಕಾನೂನಿನ ಪದಗಳನ್ನು ಕಾನೂನಿನಲ್ಲಿ ಇರುವಂತೆಯೇ ಬಳಸಿದ್ದೀರಾ ನೋಡಿ. ಸಾಹಿತ್ಯದ ಇಂಗ್ಲಿಷ್ ಇಲ್ಲಿ ಬೇಕಿಲ್ಲ, ಗಿಡ್ಡ ವಾಕ್ಯ ಸಾಕು.

16 ಗಂಟೆಯ ಮಾತು

ಉಳಿದ 8 ಗಂಟೆಯಲ್ಲಿ ಊಟ, ಸ್ನಾನ, ಓಡಾಟ, ನಿದ್ದೆ ಎಲ್ಲ ಮುಗಿಯಬೇಕೆಂದರೆ ಕತ್ತರಿ ಬೀಳುವುದು ನಿದ್ದೆಗೇ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆನ್ನುತ್ತಾರೆ ನಿದ್ರಾ ತಜ್ಞರು. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸದ ದೊಡ್ಡ ಪಾಲು ನಡೆಯುವುದೂ ನಿದ್ದೆಯಲ್ಲೇ. ಆಡಿಟ್ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಾ ಫೈನಲ್‌ಗೆ ಓದುವವರಿಗೆ 16 ಗಂಟೆ ಎಲ್ಲಿಂದ ಬರಬೇಕು? ಗಂಟೆ ಎಣಿಸುವ ಬದಲು, ಈ ವಾರ ಪುಸ್ತಕ ಮುಚ್ಚಿ ಎಷ್ಟು ಪ್ರಶ್ನೆ ಬಿಡಿಸಿದೆ ಎಂದು ಎಣಿಸಿ.

ಒಬ್ಬರು ಪಾಸು, ಇಬ್ಬರು ಇಲ್ಲ

ಇಷ್ಟೆಲ್ಲ ಮಾಡಿದರೂ ಫಲಿತಾಂಶದ ದಿನ ಮೂವರಿಗೂ ಒಂದೇ ಸುದ್ದಿ ಬರುವ ಸಾಧ್ಯತೆ ಕಡಿಮೆ. ಪಾಸಾಗದವರಿಗಿಂತ ಪಾಸಾದವರು ಕಡಿಮೆ ಇರುವ ಪರೀಕ್ಷೆ ಇದು. ಗುಂಪು ಒಡೆಯುವುದೂ ಸಾಮಾನ್ಯವಾಗಿ ಅಂದೇ. ಅದಕ್ಕೇ ನಿಯಮಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇಂಟರ್‌ಮೀಡಿಯೆಟ್, ಫೈನಲ್ ಎರಡರಲ್ಲೂ ತಲಾ ಮೂರು ಪತ್ರಿಕೆಗಳ ಎರಡು ಗುಂಪುಗಳಿವೆ. ಗುಂಪಿನ ಎಲ್ಲ ಪತ್ರಿಕೆ ಬರೆದು ಫೇಲಾದರೂ, ಯಾವುದಾದರೂ ಒಂದರಲ್ಲಿ 60 ಅಥವಾ ಹೆಚ್ಚು ಅಂಕ ಬಂದಿದ್ದರೆ ಮುಂದಿನ ಮೂರು ಪ್ರಯತ್ನಗಳಲ್ಲಿ ಆ ಪತ್ರಿಕೆ ಮತ್ತೆ ಬರೆಯಬೇಕಿಲ್ಲ. ಎರಡನೇ ಪತ್ರಿಕೆ ಕೆಟ್ಟಿತೆಂದು ಅತ್ತು ಮೂರನೆಯದಕ್ಕೆ ಹೋಗದೆ ಉಳಿದವರು ಕೈಯಾರೆ ಈ ಅವಕಾಶ ಕಳೆದುಕೊಳ್ಳುತ್ತಾರೆ. ಪರೀಕ್ಷೆಯ ಬೆಳಿಗ್ಗೆ ಗೆಳೆಯರು ಮಾಡಬಹುದಾದ ದೊಡ್ಡ ಉಪಕಾರ, ಅಂಥವರನ್ನು ಬಸ್ಸು ಹತ್ತಿಸುವುದೇ.

ಮೊದಲು ವರ್ಷಕ್ಕೆ ಎರಡು ಸಲ ನಡೆಯುತ್ತಿದ್ದ ಫೌಂಡೇಶನ್ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆ 2024ರಿಂದ, ಫೈನಲ್ 2025ರಿಂದ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಹಾಗಾಗಿ ಫೇಲಾದರೆ ಕಾಯಬೇಕಾದದ್ದು ಸುಮಾರು ನಾಲ್ಕು ತಿಂಗಳು. ಪಾಸಾದವರು ಆ ನಾಲ್ಕು ತಿಂಗಳು ಭಾನುವಾರದ ಉತ್ತರ ಪುಸ್ತಕ ತಿದ್ದಲು ಬಂದರೆ ಅವರಿಗೇನೂ ನಷ್ಟವಿಲ್ಲ. ಮುಂದಿನ ಹಂತಕ್ಕೆ ಅದೇ ವಿಷಯಗಳು ಮತ್ತೆ ಬೇಕು. ಫೇಲಾದ ಗೆಳೆಯ ಫೋನ್ ಎತ್ತುತ್ತಿಲ್ಲ, ಊಟ ನಿದ್ದೆ ಬಿಟ್ಟಿದ್ದಾನೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಆಡುತ್ತಿದ್ದಾನೆ ಎಂದಾದರೆ ಮೆಸೇಜ್ ಹಾಕಿ ಸುಮ್ಮನಾಗಬೇಡಿ. ಮನೆಗೆ ಹೋಗಿ, ಒಬ್ಬನನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಿಎ ಗ್ರೂಪುಗಳಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ನಂಬರ್ ಮಾಡಿ.